ಬಂಗು, ಸುಕ್ಕು ಮತ್ತು ಕೋಲಾರದ ತಂಪು ಬಿಸಿಲು

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಹಳ್ಳಿಯೊಂದರವಳು, ವಯಸ್ಸು 37. ಬೆಳಿಗ್ಗೆ ಟೊಮೆಟೊ ತೋಟದ ಕೆಲಸ ನೋಡಿಕೊಂಡು, ನಂತರ ಸ್ಕೂಟರ್‌ನಲ್ಲಿ ಎಂಟು ಕಿಲೋಮೀಟರ್ ದೂರದ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗುತ್ತೇನೆ. ಎರಡು ವರ್ಷದಿಂದ ಎರಡೂ ಕೆನ್ನೆಗಳ ಮೇಲೆ ಬಂಗು ಹರಡಿದೆ, ಕಣ್ಣಿನ ಬದಿಯಲ್ಲಿ ಸುಕ್ಕು ಮೂಡಿದೆ. ಬೆಂಗಳೂರಿನಲ್ಲಿ ಕಚೇರಿ ಕೆಲಸದಲ್ಲಿರುವ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು; ನೋಡಿದವರು ನನ್ನನ್ನೇ ಅಕ್ಕ ಎನ್ನುತ್ತಾರೆ. ಔಷಧಿ ಅಂಗಡಿಯವರು ಕೊಟ್ಟ ಕ್ರೀಮ್ ಹಚ್ಚಿದಾಗ ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. ಕೆಲವು ತಿಂಗಳ ನಂತರ ನಿಲ್ಲಿಸಿದರೆ ಉರಿ, ಕೆಂಪು, ಮೊದಲಿಗಿಂತ ಹೆಚ್ಚು ಬಂಗು. ನಮ್ಮಲ್ಲಿ ರಾಯಚೂರಿನಂಥ ಬಿಸಿಲಿಲ್ಲ, ಗಾಳಿಯೂ ತಂಪು. ಹೀಗಿದ್ದೂ ಇದು ಬಿಸಿಲಿನಿಂದಲೇ ಆದದ್ದೆ? ಕಪ್ಪು ಮೈಬಣ್ಣದವರಿಗೂ ಸನ್‌ಸ್ಕ್ರೀನ್ ಬೇಕೆ? ತೋಟದಲ್ಲಿ ಬೆವರುವವರು ಅದನ್ನು ಬಳಸುವುದು ಹೇಗೆ? ಹಾಳಾದ ಚರ್ಮ ಮತ್ತೆ ಸರಿಹೋಗುತ್ತದೆಯೆ?

ಉತ್ತರ: ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಬೆಳಗಿನ ಹೊತ್ತು ಕಿಟಕಿಯ ಬಳಿ ನಿಂತು, ರವಿಕೆಯ ತೋಳನ್ನು ತುಸು ಮೇಲಕ್ಕೆ ಸರಿಸಿ, ಕಂಕುಳಿನ ಹತ್ತಿರ ಒಳತೋಳಿನ ಚರ್ಮವನ್ನು ನೋಡಿ. ಆಮೇಲೆ ಅದೇ ಕೈಯ ಮುಂಗೈಯನ್ನು ಹೊರಮಗ್ಗುಲಿನಿಂದ ನೋಡಿ. ಒಳತೋಳು ನಯವಾಗಿರುತ್ತದೆ, ಬಣ್ಣ ಒಂದೇ ಸಮನಾಗಿರುತ್ತದೆ, ಮೆಲ್ಲಗೆ ಹಿಡಿದೆತ್ತಿ ಬಿಟ್ಟರೆ ಕೂಡಲೇ ತನ್ನ ಜಾಗಕ್ಕೆ ಮರಳುತ್ತದೆ. ಮುಂಗೈ ಒರಟಾಗಿ, ಬಣ್ಣ ಹೆಚ್ಚುಕಡಿಮೆಯಾಗಿ, ಸಣ್ಣ ಗೆರೆಗಳಿಂದ ತುಂಬಿರುತ್ತದೆ. ಎರಡೂ 37 ವರ್ಷದ ಚರ್ಮವೇ. ಒಳತೋಳಿನಲ್ಲಿ ಕಾಣುವಷ್ಟು ಮಾತ್ರ ವಯಸ್ಸಿನ ಪಾಲು. ಅದಕ್ಕಿಂತ ಹೆಚ್ಚಾಗಿ ಮುಂಗೈಯಲ್ಲಿ ಕಾಣುವುದರಲ್ಲಿ ಬಹುಪಾಲು ಬಿಸಿಲಿನದು. ನಿಮ್ಮ ಅಕ್ಕನ ಮುಖಕ್ಕೂ ನಿಮ್ಮ ಮುಖಕ್ಕೂ ಇರುವ ಅಂತರವೂ ಹೆಚ್ಚಾಗಿ ಇದೇ ಲೆಕ್ಕದ್ದು. ಆಕೆ ವರ್ಷಗಳ ಕಾಲ ಸೂರಿನ ಕೆಳಗೆ ದುಡಿದಿದ್ದಾರೆ, ನೀವು ಬಯಲಿನಲ್ಲಿ ದುಡಿದಿದ್ದೀರಿ.

ನಮ್ಮ ಜಿಲ್ಲೆಯ ಬಿಸಿಲು ಮೃದು ಎನ್ನುವ ಮಾತನ್ನು ನನ್ನ ಬಳಿ ಬರುವ ಹೆಚ್ಚಿನವರು ಹೇಳುತ್ತಾರೆ, ಮತ್ತು ಇಲ್ಲಿನ ಚರ್ಮಗಳಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಈ ನಂಬಿಕೆಯೇ ಎಂದು ನನಗೆ ಅನಿಸುತ್ತದೆ. ಬಿಸಿಲಿನಲ್ಲಿ ಮೈಗೆ ತಾಗುವ ಕಾವು ಒಂದು. ಕಣ್ಣಿಗೆ ಕಾಣದ, ಮೈಗೆ ಬಿಸಿಯಾಗಿಯೂ ತಿಳಿಯದ ನೇರಳಾತೀತ ಕಿರಣ ಇನ್ನೊಂದು. ಚರ್ಮವನ್ನು ಮುಖ್ಯವಾಗಿ ಮುಪ್ಪಾಗಿಸುವುದು ಎರಡನೆಯದು. ಅದರ ಪ್ರಮಾಣವನ್ನು ಗಾಳಿಯ ತಂಪು ನಿರ್ಧರಿಸುವುದಿಲ್ಲ, ಸೂರ್ಯ ಎಷ್ಟು ನೆತ್ತಿಯ ಮೇಲಿದ್ದಾನೆ ಎಂಬುದು ನಿರ್ಧರಿಸುತ್ತದೆ. ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯಭಾಗದಲ್ಲಿ ಇನ್ನೊಮ್ಮೆ, ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಇಲ್ಲಿ ನೆರಳೇ ಬೀಳುವುದಿಲ್ಲ. ನಿಮ್ಮ ಶಾಲೆಯ ಮಕ್ಕಳೊಂದಿಗೆ ನೀವು ಇದನ್ನು ಮಾಡಿ ನೋಡಬಹುದು. ಅಷ್ಟೇ ಅಲ್ಲ, ನಾವಿರುವುದು ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿ. ಪ್ರತಿ 1000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಗಾಳಿಯನ್ನು ತಂಪಾಗಿಡುವ ಈ ಎತ್ತರವೇ ಕಿರಣವನ್ನು ಚುರುಕಾಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿನಲ್ಲಿ ನೇರಳಾತೀತ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 11 ಮುಟ್ಟಿದರೆ ಅದು ಅತಿ ತೀವ್ರ. ಬೇಸಿಗೆಯ ನಿರ್ಮಲ ಮಧ್ಯಾಹ್ನಗಳಲ್ಲಿ ನಮ್ಮ ಈ ಭಾಗದಲ್ಲಿ 11 ದಾಟುವುದು ಸಾಮಾನ್ಯ. ತೆಳು ಮೋಡವಿದ್ದ ದಿನವೂ ಕಿರಣದ ಹೆಚ್ಚಿನ ಪಾಲು ನೆಲ ಮುಟ್ಟುತ್ತದೆ. ಸೆಕೆಯಿರುವ ಊರಿನವರು ಹನ್ನೊಂದು ಗಂಟೆಗೇ ಮರದ ನೆರಳು ಹುಡುಕುತ್ತಾರೆ; ನಮ್ಮವರು ತಂಪುಗಾಳಿಯನ್ನು ನಂಬಿ ಎರಡು ಗಂಟೆಯವರೆಗೂ ಸಾಲಿನಲ್ಲೇ ಇರುತ್ತಾರೆ.

ನೆಲಕ್ಕೆ ತಲುಪುವ ನೇರಳಾತೀತ ಕಿರಣದಲ್ಲಿ ಎರಡು ಬಗೆ. ‘ಬಿ’ ಬಗೆಯದು ಚರ್ಮದ ಮೇಲ್ಪದರವನ್ನು ಸುಡುತ್ತದೆ. ಮಧ್ಯಾಹ್ನ ಪ್ರಬಲವಾಗಿರುತ್ತದೆ, ಕಿಟಕಿಯ ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ‘ಎ’ ಬಗೆಯದು ಒಟ್ಟು ಪ್ರಮಾಣದ ಸುಮಾರು ಶೇ. 95ರಷ್ಟಿದ್ದು, ಗಾಜನ್ನೂ ಹಾದು ಬಂದು ಚರ್ಮದ ಒಳಪದರದವರೆಗೆ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಂಬ ನಾರಿನ ಹಂದರ ಇರುವುದು ಆ ಒಳಪದರದಲ್ಲೇ. ಕಿರಣ ಬಿದ್ದಾಗ ಚರ್ಮದ ಜೀವಕೋಶಗಳು ಕೊಲಾಜೆನ್ನನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಾಗಿ ಸ್ರವಿಸುತ್ತವೆ, ಹೊಸ ಕೊಲಾಜೆನ್ ನೇಯುವ ಕೆಲಸವನ್ನು ತಗ್ಗಿಸುತ್ತವೆ. ಒಂದು ದಿನದ ಹಾನಿ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಹತ್ತು ಹದಿನೈದು ವರ್ಷ ದಿನವೂ ಸ್ವಲ್ಪ ಸ್ವಲ್ಪ ಕೂಡಿಬಂದಾಗ ಹಂದರ ಸಡಿಲವಾಗಿ ಸುಕ್ಕು ಮೂಡುತ್ತದೆ.

ಟೊಮೆಟೊ ಸಾಗಿಸುವ ಲಾರಿಯ ಚಾಲಕರೊಬ್ಬರು ಬೆರಳ ಸಂದಿನ ತುರಿಕೆಗೆಂದು ನನ್ನ ಬಳಿ ಬಂದಿದ್ದರು. ಅವರು ಎರಡೂ ಕೈ ಮೇಜಿನ ಮೇಲಿಟ್ಟಾಗ ಅವು ಒಬ್ಬರವೇ ಕೈಗಳೆಂದು ನಂಬುವುದು ಕಷ್ಟವಾಯಿತು. ಕಿಟಕಿಯ ಕಡೆಗಿರುತ್ತಿದ್ದ ಬಲಮುಂಗೈ ದಪ್ಪಗಟ್ಟಿ, ಕಪ್ಪು ಚುಕ್ಕೆಗಳಿಂದ ತುಂಬಿ, ಮೊಣಕೈಯ ಬಳಿ ಒಣಗಿದ ಕೆರೆಯಂಗಳದಂತೆ ಗೆರೆ ಬಿದ್ದಿತ್ತು. ಎಡಗೈ ಇನ್ನೂ ಹರೆಯದ ಗುರುತು ಉಳಿಸಿಕೊಂಡಿತ್ತು. ಇಂಥದ್ದೇ ಒಂದು ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಗಿ ಜಗತ್ತಿನ ಚರ್ಮವೈದ್ಯರೆಲ್ಲರ ಗಮನ ಸೆಳೆದಿತ್ತು: 28 ವರ್ಷ ಲಾರಿ ಓಡಿಸಿದ 69 ವರ್ಷದ ಒಬ್ಬರ ಮುಖದ ಎಡಭಾಗ ಮಾತ್ರ ಆಳವಾಗಿ ಸುಕ್ಕುಗಟ್ಟಿತ್ತು. ಅವರಿದ್ದ ಅಮೆರಿಕದಲ್ಲಿ ಚಾಲಕರು ಕೂರುವುದು ಎಡಗಡೆ.

ಇನ್ನು ಮೈಬಣ್ಣದ ಪ್ರಶ್ನೆ. ನಿಮ್ಮ ತೋಟದ ಹನಿ ನೀರಾವರಿ ಪೈಪುಗಳನ್ನೇ ನೋಡಿ. ಅವುಗಳನ್ನು ಕಪ್ಪಾಗಿ ಮಾಡುವುದು ಚೆಂದಕ್ಕಲ್ಲ. ಪ್ಲಾಸ್ಟಿಕ್‌ಗೆ ಬೆರೆಸಿದ ಇಂಗಾಲದ ಕಪ್ಪು ಪುಡಿ ನೇರಳಾತೀತ ಕಿರಣವನ್ನು ಹೀರಿಕೊಂಡು ಪೈಪನ್ನು ಕಾಯುತ್ತದೆ. ಬಯಲಿನಲ್ಲಿ ಬಿದ್ದ ಬಿಳಿಯ ಪಿವಿಸಿ ಪೈಪು ಕೆಲವೇ ವರ್ಷಗಳಲ್ಲಿ ಪೆಡಸಾಗಿ ತಟ್ಟಿದರೆ ಒಡೆಯುವುದನ್ನು ನೀವು ಕಂಡಿರುತ್ತೀರಿ. ನಮ್ಮ ಚರ್ಮದ ಮೆಲನಿನ್ ಎಂಬ ಕಪ್ಪು ವರ್ಣಕ ಮಾಡುವ ಕೆಲಸವೂ ಇದೇ, ಹಾಗಾಗಿ ನಿಮ್ಮ ಬಣ್ಣ ನಿಮಗೆ ದೊಡ್ಡ ಆಸರೆ. ಬಿಳಿಯ ಚರ್ಮದವರಿಗೆ ಬರುವಷ್ಟು ಬೇಗ ನಮಗೆ ಸುಕ್ಕು ಬರುವುದಿಲ್ಲ, ಬಿಸಿಲಿನಿಂದಾಗುವ ಚರ್ಮದ ಕ್ಯಾನ್ಸರ್ ಕೂಡ ನಮ್ಮಲ್ಲಿ ಬಹಳ ಕಡಿಮೆ. ಆದರೆ ಈ ಆಸರೆ ಪೂರ್ಣವಲ್ಲ, ಕಪ್ಪು ಪೈಪು ಕೂಡ ಒಂದು ದಿನ ಸೀಳುತ್ತದೆ. ಅದರ ಜೊತೆಗೆ ನಮ್ಮ ಚರ್ಮಕ್ಕೆ ಒಂದು ಬೇರೆ ತೊಂದರೆಯಿದೆ. ಬಿಸಿಲು ತಾಗಿದಾಗ ತನ್ನನ್ನು ಕಾಯಲು ಅದು ಇನ್ನಷ್ಟು ವರ್ಣಕ ತಯಾರಿಸುತ್ತದೆ, ಮತ್ತು ಕೆಲವರಲ್ಲಿ ಆ ತಯಾರಿಕೆ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹದ ಮೀರಿ ನಡೆಯುತ್ತದೆ. ಅದೇ ಬಂಗು. ಗರ್ಭಧಾರಣೆ, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಇವು ಅದಕ್ಕೆ ನೆಲ ಹದ ಮಾಡಿಕೊಡುತ್ತವೆ, ನೀರೆರೆಯುವುದು ಬಿಸಿಲು. ಬಂಗು ಇರುವ ಕಪ್ಪು ಚರ್ಮಕ್ಕೆ ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಏರಿಸುತ್ತದೆ. ಒಲೆಯ ಕಾವು ಕೂಡ ಕೆಲವರಲ್ಲಿ ಅದನ್ನು ಕೆರಳಿಸುತ್ತದೆ.

ನಿಮ್ಮ ಕ್ರೀಮಿನ ವಿಷಯಕ್ಕೆ ಬರುತ್ತೇನೆ; ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಅದೇ. ನೀವು ಹೆಸರು ಬರೆದಿಲ್ಲ, ಆದರೆ ಹದಿನೈದು ದಿನದಲ್ಲಿ ತಿಳಿಯಾಗುವುದು, ನಿಲ್ಲಿಸಿದೊಡನೆ ಉರಿ ಮತ್ತು ಕೆಂಪು, ಬಂಗಿನ ಮರುದಾಳಿ, ಈ ಮೂರೂ ಒಟ್ಟಿಗೆ ಬಂದರೆ ಅದರಲ್ಲಿ ಸ್ಟೆರಾಯ್ಡ್, ಅಂದರೆ ಉರಿ ಕೆಂಪನ್ನು ಬೇಗ ಅಡಗಿಸುವ ಪ್ರಬಲ ಔಷಧಿ, ಇತ್ತೆಂದು ಬಲವಾಗಿ ಅನುಮಾನಿಸಬೇಕು. ಟ್ಯೂಬ್ ಉಳಿದಿದ್ದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ: ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಫ್ಲುಒಸಿನೊಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್. ಅನೇಕ ವೇಳೆ ಜೊತೆಯಲ್ಲಿ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಎಂಬ ಇನ್ನೆರಡು ಔಷಧಿಗಳಿರುತ್ತವೆ. ಈ ಮೂರರ ಮಿಶ್ರಣ ಬಂಗಿಗೆ ನಿಜವಾದ ಔಷಧಿಯೇ. ನಾವೂ ಬರೆದುಕೊಡುತ್ತೇವೆ, ಆದರೆ ಕೆಲವೇ ವಾರಗಳಿಗೆ ಮತ್ತು ನಡುವೆ ಪರೀಕ್ಷಿಸುತ್ತ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಸ್ಟೆರಾಯ್ಡ್ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿಸುತ್ತದೆ, ಕೆಂಪು ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಹಚ್ಚದಿದ್ದರೆ ಬಿಸಿಲಿಗೆ ಮುಖವೊಡ್ಡಲೂ ಆಗದಂಥ ಉರಿ ಶುರುವಾಗುತ್ತದೆ. ಹೈಡ್ರೋಕ್ವಿನೋನ್ ಅನ್ನು ವರ್ಷಗಟ್ಟಲೆ ಬಳಸಿದವರಲ್ಲಿ ಅಳಿಸಲಾಗದ ನೀಲಿಗಪ್ಪು ಕಲೆ ನಿಲ್ಲುವುದೂ ಉಂಟು. ಮುಖಕ್ಕೆ ಸ್ಟೆರಾಯ್ಡ್ ಮಾಡುವ ಈ ಹಾನಿಯ ಬಗ್ಗೆ ನಮ್ಮ ದೇಶದ ಚರ್ಮವೈದ್ಯರು ಬಹಳ ವರ್ಷ ದನಿಯೆತ್ತಿದ ಮೇಲೆ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಅವು ಕೈಗೆ ಸಿಗುತ್ತಲೇ ಇವೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಲೇ ಇವೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಉರಿ ಬಂತೆಂದು ಅದನ್ನೇ ಮತ್ತೆ ಹಚ್ಚಬೇಡಿ. ಉರಿ ತಣಿಸುತ್ತ ಚರ್ಮವನ್ನು ಅದರಿಂದ ಬಿಡಿಸುವ ಕ್ರಮ ಬೇರೆಯಿದೆ, ಅದಕ್ಕೆ ಎರಡು ಮೂರು ತಿಂಗಳು ವೈದ್ಯರ ಕಣ್ಣಿನ ಕೆಳಗಿರಬೇಕಾಗುತ್ತದೆ. ತಯಾರಕರ ಹೆಸರು, ಒಳಗಿರುವ ವಸ್ತುಗಳ ವಿವರ ಇಲ್ಲದ ಡಬ್ಬಿಗಳನ್ನಂತೂ ಮುಟ್ಟಲೇಬೇಡಿ. ಬೆಳ್ಳಗಾಗಿಸುವ ಇಂಥ ಕ್ರೀಮುಗಳಲ್ಲಿ ಪಾದರಸ ಸಿಕ್ಕಿರುವ ಉದಾಹರಣೆಗಳಿವೆ, ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ.

ರಕ್ಷಣೆಯ ವಿಷಯದಲ್ಲಿ ನಾನು ಸನ್‌ಸ್ಕ್ರೀನನ್ನು ಮೊದಲ ಸ್ಥಾನದಲ್ಲಿ ಇಡುವುದಿಲ್ಲ. ಹೊತ್ತು ಮೊದಲು, ಬಟ್ಟೆ ಆಮೇಲೆ, ಸನ್‌ಸ್ಕ್ರೀನ್ ಅವುಗಳ ನಂತರ. ನಿಮ್ಮ ನೆರಳು ನಿಮಗಿಂತ ಉದ್ದವಾಗಿರುವಷ್ಟು ಹೊತ್ತು ಬಯಲಿನ ಕೆಲಸ ಇಟ್ಟುಕೊಳ್ಳಿ. ನೆರಳು ನಿಮಗಿಂತ ಗಿಡ್ಡವಾದರೆ ಕಿರಣ ಚುರುಕಾಗಿದೆ ಎಂದರ್ಥ. ಲೆಕ್ಕ ಹಾಕಿದರೆ ಬೆಳಿಗ್ಗೆ ಒಂಬತ್ತರವರೆಗೆ, ಸಂಜೆ ನಾಲ್ಕರ ನಂತರ. ಹಣ್ಣು ಬಿಡಿಸುವುದನ್ನು ನಮ್ಮ ರೈತರು ಹೇಗೂ ಹೊತ್ತಿಗೆ ಮುಂಚೆಯೇ ಮಾಡುತ್ತಾರೆ. ಕಡ್ಡಿ ನೆಟ್ಟು ದಾರ ಕಟ್ಟುವುದು, ಕಳೆ ಕೀಳುವುದು ಇವೇ ನಡುಹಗಲಿಗೆ ಉಳಿದುಬಿಡುತ್ತವೆ, ಅವನ್ನು ಸಂಜೆಗೆ ಸರಿಸಲು ಸಾಧ್ಯವೇ ನೋಡಿ. ಮೈಗೆ ತುಂಬುತೋಳಿನ ಹಳೆಯ ಅಂಗಿ ಹಾಕಿಕೊಳ್ಳಿ. ಎಷ್ಟೋ ಹೆಣ್ಣುಮಕ್ಕಳು ಸೀರೆಯ ಮೇಲೆ ಮನೆಯವರ ಅಂಗಿ ತೊಟ್ಟು ತೋಟಕ್ಕಿಳಿಯುವುದು ವೈದ್ಯಕೀಯವಾಗಿಯೂ ಸರಿಯಾದ ಪದ್ಧತಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನೇಯ್ಗೆಯ ಸಂದಿನಿಂದ ಬೆಳಕು ತೂರಿ ಬಂದರೆ ಕಿರಣವೂ ಬರುತ್ತದೆ. ತೆಳು ಬಿಳಿ ಹತ್ತಿಗಿಂತ ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಮೇಲು, ಮತ್ತು ತೆಳು ಹತ್ತಿ ಬೆವರಿನಲ್ಲಿ ನೆನೆದರೆ ಅದರ ತಡೆಯುವ ಶಕ್ತಿ ಇನ್ನೂ ಕುಗ್ಗುತ್ತದೆ. ತಲೆಗೆ ಸುತ್ತಿದ ಟವಲ್ ನೆತ್ತಿಯನ್ನು ಕಾಯುತ್ತದೆ, ಕೆನ್ನೆಯನ್ನು ಕಾಯುವುದಿಲ್ಲ. ಸುತ್ತಲೂ ನಾಲ್ಕು ಬೆರಳಗಲ ಅಂಚಿರುವ ಟೋಪಿ ಬೇಕು.

ಟೊಮೆಟೊ ಬೆಳೆಯುವವರಿಗೆ ಮಾತ್ರ ಅನ್ವಯಿಸುವ ಒಂದು ಮಾತನ್ನು ಇಲ್ಲೇ ಹೇಳಬೇಕು. ಸಾಲಿಗೆ ಹಾಸುವ ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆ ನೇರಳಾತೀತ ಕಿರಣವನ್ನು ಮೇಲಕ್ಕೆ ಹೊಡೆದು ಕಳಿಸುತ್ತದೆ. ಬಿಳಿನೊಣ, ಸಸ್ಯಹೇನು ಗಿಡದ ಬಳಿ ಸುಳಿಯಲು ಹಿಂಜರಿಯುವುದಕ್ಕೆ ಒಂದು ಕಾರಣ ಆ ಪ್ರತಿಫಲನವೇ. ಅದರ ಮೇಲೆ ಬಾಗಿ ಕೆಲಸ ಮಾಡುವಾಗ ಅದೇ ಕಿರಣ ನಿಮ್ಮ ಗದ್ದ, ಕೆನ್ನೆಯ ಕೆಳಭಾಗ, ಕತ್ತಿಗೆ ಬಡಿಯುತ್ತದೆ, ಟೋಪಿ ಅಲ್ಲಿ ಏನೂ ಮಾಡಲಾರದು. ಹಾಗಾಗಿ ಹಾಳೆ ಹಾಸಿದ ಹೊಸತರಲ್ಲಿ, ಗಿಡ ಇನ್ನೂ ಅದನ್ನು ಮುಚ್ಚುವ ಮೊದಲು, ಮೂಗಿನಿಂದ ಕೆಳಗೆ ವೇಲ್ ಕಟ್ಟಿಕೊಂಡೇ ಸಾಲಿಗಿಳಿಯಿರಿ. ಸ್ಕೂಟರ್‌ನಲ್ಲಿ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ, ಮುಂದಿನ ಗಾಜನ್ನು ಇಳಿಸಿಕೊಳ್ಳಿ. ಹ್ಯಾಂಡಲ್ ಹಿಡಿದ ಅಂಗೈಯ ಹಿಂಬದಿ ನೇರವಾಗಿ ಆಕಾಶಕ್ಕೆ ತೆರೆದಿರುತ್ತದೆ, ಅದಕ್ಕೊಂದು ಕೈಗವಸು ಇರಲಿ.

ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆಯೇ ಎಂಬ ಸಂದೇಹಕ್ಕೆ ಒಳ್ಳೆಯ ಉತ್ತರ ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಿಂದ ಬಂದಿದೆ. ಅಲ್ಲಿ 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ತೋಚಿದಾಗ ಮಾತ್ರ ಹಚ್ಚಿದವರಿಗಿಂತ ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತು. ಆ ಜನರ ಚರ್ಮ ಬಿಳಿ, ಅಂಕಿ ನಮಗೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ದಿನವೂ ಹಚ್ಚುವುದಕ್ಕೂ ಆಗೊಮ್ಮೆ ಈಗೊಮ್ಮೆ ಹಚ್ಚುವುದಕ್ಕೂ ಇರುವ ಅಂತರ ನಮಗೂ ಅನ್ವಯಿಸುತ್ತದೆ. ನಿಮಗೆ ಎಸ್‌ಪಿಎಫ್ 30 ಅಥವಾ 50 ಇರುವ, ‘ಪಿಎ’ ಮುಂದೆ ಕನಿಷ್ಠ ಮೂರು ಕೂಡು ಗುರುತು ಇರುವ, ನೀರು ತಡೆಯುವ ಬಗೆಯದು ಬೇಕು. ಎಸ್‌ಪಿಎಫ್ ‘ಬಿ’ ಕಿರಣದ ತಡೆಯನ್ನು ಹೇಳುತ್ತದೆ, ಪಿಎ ‘ಎ’ ಕಿರಣದ್ದನ್ನು. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು, 50 ಸುಮಾರು ಶೇ. 98ರಷ್ಟು ‘ಬಿ’ ಕಿರಣ ತಡೆಯುತ್ತದೆ. ದೊಡ್ಡ ಅಂಕಿಗೆಂದು ದುಪ್ಪಟ್ಟು ಹಣ ಕೊಡುವ ಅಗತ್ಯವಿಲ್ಲ. ಬಂಗು ಇರುವವರು ಸಾಧ್ಯವಾದರೆ ಐರನ್ ಆಕ್ಸೈಡ್ ಬೆರೆತ, ಮಣ್ಣಿನ ಬಣ್ಣದ ಛಾಯೆಯಿರುವ ಸನ್‌ಸ್ಕ್ರೀನ್ ಆರಿಸಬೇಕು, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದು ಅದೇ. ನಮ್ಮ ಬಣ್ಣದ ಮೇಲೆ ಬಿಳಿ ಬೂದಿ ಬಳಿದಂತೆ ಕಾಣುವ ತೊಂದರೆಯೂ ಅದರಲ್ಲಿ ಕಡಿಮೆ.

ಹಚ್ಚುವ ಪ್ರಮಾಣದಲ್ಲೇ ಹೆಚ್ಚಿನವರು ಎಡವುತ್ತಾರೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಎಷ್ಟಾಗುತ್ತದೆಯೋ ಅಷ್ಟು ಮುಖ ಮತ್ತು ಕತ್ತಿಗೆ ಬೇಕು, ಅಂದಾಜು ಒಂದು ಗ್ರಾಂ. 50 ಗ್ರಾಂ ಟ್ಯೂಬ್ ದಿನಕ್ಕೊಮ್ಮೆ ಹಚ್ಚಿದರೂ ಐವತ್ತು ದಿನಕ್ಕೆ ಮುಗಿಯಬೇಕು. ಆರು ತಿಂಗಳು ಬಂತೆಂದರೆ ಬೊಟ್ಟು ಇಟ್ಟಂತೆ ಹಚ್ಚಿದ್ದೀರಿ ಎಂದೇ ಅರ್ಥ. ಮನೆ ಬಿಡುವ ಹದಿನೈದು ನಿಮಿಷ ಮೊದಲು ಹಚ್ಚಿ, ಬಯಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಬೆವರನ್ನು ಉಜ್ಜದೆ ಬಟ್ಟೆಯಿಂದ ಒತ್ತಿ ತೆಗೆದು ಮತ್ತೆ ಹಚ್ಚಿ. ನಿಮ್ಮ ದಿನಚರಿಯಲ್ಲಿ ಬೆಳಿಗ್ಗೆ ತೋಟಕ್ಕೆ ಟೋಪಿ, ವೇಲ್, ಅಂಗಿ ಸಾಕು; ಸ್ನಾನ ಮಾಡಿ ಶಾಲೆಗೆ ಹೊರಡುವಾಗ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಹಚ್ಚಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ, ಆ ಕಾವಿಗೆ ಅದು ಕೆಡುತ್ತದೆ.

ಮನೆಮದ್ದುಗಳಲ್ಲಿ ಒಂದನ್ನು ಖಂಡಿತ ಬಿಡಬೇಕು: ನಿಂಬೆರಸ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ರಸದಲ್ಲಿರುವ ವಸ್ತುಗಳು ‘ಎ’ ಕಿರಣದೊಂದಿಗೆ ಸೇರಿ ಸುಟ್ಟ ಗಾಯದಂಥ ಗುಳ್ಳೆ ಎಬ್ಬಿಸುತ್ತವೆ, ನಂತರ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅರಿಶಿನ, ಕಡಲೆಹಿಟ್ಟು ಹಾನಿಯಿಲ್ಲದವು, ಬಿಸಿಲನ್ನು ತಡೆಯಲಾರವು. ಬದುವಿನ ಮೇಲೆ ಪಾರ್ಥೇನಿಯಂ ಇದ್ದರೆ, ನಮ್ಮವರು ಕಾಂಗ್ರೆಸ್ ಗಿಡ ಎನ್ನುವುದು, ಬರಿಗೈಯಲ್ಲಿ ಕೀಳಬೇಡಿ. ಅದರ ಒಣಪುಡಿ ಗಾಳಿಯಲ್ಲಿ ಹಾರಿ ಬಂದು ಮುಖ, ಕತ್ತು, ರೆಪ್ಪೆಗಳ ಮೇಲೆ ತುರಿಕೆಯ ಒರಟು ಕಪ್ಪು ತರುತ್ತದೆ. ಅದನ್ನು ಬಿಸಿಲಿನ ಕಪ್ಪೆಂದು ತಿಳಿದು ವರ್ಷಗಳನ್ನು ಕಳೆದವರನ್ನು ನಾನು ನೋಡಿದ್ದೇನೆ. ಬಂಗಿಗೆ ತುರಿಕೆ ಇರುವುದಿಲ್ಲ, ಇದಕ್ಕೆ ಇರುತ್ತದೆ. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಕೂಡ ಹೆಚ್ಚಾಗಿ ಬಿಸಿಲಿನದಲ್ಲ. ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದಾದ್ದರಿಂದ ಉಜ್ಜಿ ತೊಳೆಯುವ ಬದಲು ರಕ್ತಪರೀಕ್ಷೆ ಮಾಡಿಸಬೇಕು.

ಬಿಸಿಲು ತಪ್ಪಿಸಿದರೆ ವಿಟಮಿನ್ ಡಿ ಕಡಿಮೆಯಾಗುವುದಿಲ್ಲವೇ ಎಂದು ನೀವು ಮುಂದೆ ಕೇಳಬಹುದು. ಸಾಮಾನ್ಯ ಬಳಕೆಯಲ್ಲಿ ಸನ್‌ಸ್ಕ್ರೀನ್ ಅದಕ್ಕೆ ದೊಡ್ಡ ಅಡ್ಡಿಯಾಗುವುದಿಲ್ಲ. ಕೊರತೆಯ ಅನುಮಾನವಿದ್ದರೆ ರಕ್ತ ಪರೀಕ್ಷಿಸಿ ಮಾತ್ರೆ ತೆಗೆದುಕೊಳ್ಳುವುದು ಸುಲಭ, ಅದಕ್ಕಾಗಿ ಕೆನ್ನೆ ಸುಡಬೇಕಾಗಿಲ್ಲ.

ಹಾಳಾದದ್ದು ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಒಂದು ಮಟ್ಟಿಗೆ ಹೌದು. ಬಿಸಿಲು ತಪ್ಪಿದರೆ ಚರ್ಮ ತಾನಾಗಿಯೇ ದುರಸ್ತಿ ಆರಂಭಿಸುತ್ತದೆ. ಸ್ಟೆರಾಯ್ಡಿನ ಉರಿ ಪೂರ್ತಿ ತಣಿದ ಮೇಲೆ ಬಂಗಿಗೆ ಅಜೆಲೆಯಿಕ್ ಆಮ್ಲದಂಥ ಸೌಮ್ಯ ಔಷಧಿಯಿಂದ ಆರಂಭಿಸಬಹುದು. ಸಣ್ಣ ಸುಕ್ಕುಗಳಿಗೆ ರಾತ್ರಿ ಹಚ್ಚುವ ಟ್ರೆಟಿನಾಯಿನ್ ಕೊಲಾಜೆನ್ ನೇಯ್ಗೆಯನ್ನು ಮತ್ತೆ ಚುರುಕುಗೊಳಿಸುತ್ತದೆ, ಆದರೆ ನಿಮ್ಮ ಈಗಿನ ಚರ್ಮ ಅದನ್ನು ತಾಳಲಾರದು, ಗರ್ಭಿಣಿಯರು ಅದನ್ನು ಬಳಸಬಾರದು. ಹಟಮಾರಿ ಬಂಗಿಗೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಕೊಡುವುದುಂಟು. ರಕ್ತ ಹೆಪ್ಪುಗಟ್ಟುವ ತೊಂದರೆ ತಮಗಾಗಲಿ ಮನೆಯವರಿಗಾಗಲಿ ಇದ್ದರೆ ಅದನ್ನು ಮೊದಲೇ ಹೇಳಬೇಕು. ಯಾವುದೇ ದಾರಿ ಹಿಡಿದರೂ ವ್ಯತ್ಯಾಸ ಕಾಣಲು ಮೂರು ತಿಂಗಳಾದರೂ ಬೇಕು, ಮತ್ತು ರಕ್ಷಣೆ ಬಿಟ್ಟ ಬೇಸಿಗೆಯಲ್ಲಿ ಬಂಗು ಮರಳಿ ಬರುತ್ತದೆ. ಮುಖ ನಿಮ್ಮ ಒಳತೋಳಿನ ಬಣ್ಣಕ್ಕೆ ಬಂದರೆ ಚಿಕಿತ್ಸೆ ಪೂರ್ತಿ ಫಲಿಸಿದಂತೆ. ಅದಕ್ಕಿಂತ ಬಿಳಿಯ ಬಣ್ಣವನ್ನು ಯಾರಾದರೂ ಮಾತು ಕೊಟ್ಟು ಮಾರಿದರೆ ಕೊಳ್ಳಬೇಡಿ.

ಮನೆಯಲ್ಲಿ ಹುಟ್ಟಿನಿಂದಲೇ ಮೈ, ಕೂದಲು ಎಲ್ಲ ಬಿಳುಪಾಗಿರುವವರು (ಆಲ್ಬಿನಿಸಂ ಇರುವವರು) ಇದ್ದರೆ ಅವರಿಗೆ ಮೆಲನಿನ್ನಿನ ಆಸರೆಯೇ ಇರುವುದಿಲ್ಲ. ನಾನು ಹೇಳಿದ ಎಲ್ಲವೂ ಅವರಿಗೆ ಮಗುವಾಗಿದ್ದಾಗಿನಿಂದಲೇ ಬೇಕು. ತೊನ್ನಿನ ಕಲೆಗಳಿಗೂ ಅದೇ ಎಚ್ಚರ ಸಲ್ಲುತ್ತದೆ. ಯಾರಿಗೇ ಆಗಲಿ, ತುಟಿಯ ಮೇಲೆ ಅಥವಾ ಮುಖದ ಮೇಲೆ ಒಂದು ತಿಂಗಳಾದರೂ ಮಾಯದ ಹುಣ್ಣು, ಆಗಾಗ ರಕ್ತ ಜಿನುಗುವ ಗಂಟು ಕಂಡರೆ ತಡಮಾಡದೆ ತೋರಿಸಬೇಕು.

ನೀವು ಈ ವಾರವೇ ಜಿಲ್ಲಾ ಆಸ್ಪತ್ರೆಯ ಅಥವಾ ನಿಮಗೆ ಹತ್ತಿರದ ಚರ್ಮರೋಗ ವಿಭಾಗಕ್ಕೆ ಹೋಗಿ. ಹಿಂದೆ ಹಚ್ಚಿದ ಕ್ರೀಮಿನ ಖಾಲಿ ಟ್ಯೂಬ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಗರ್ಭನಿರೋಧಕ ಮಾತ್ರೆ ಇದ್ದರೆ ಅದನ್ನೂ ಸೇರಿಸಿ, ಜೊತೆಗೆ ಒಯ್ಯಿರಿ. ಹೊರಡುವ ಮೊದಲು, ಒಳತೋಳು ನೋಡಿದ ಅದೇ ಕಿಟಕಿಯ ಬಳಿ ನಿಂತು ಎರಡೂ ಕೆನ್ನೆಗಳ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವವರಿಗೆ ನಿಧಾನದ ಸುಧಾರಣೆ ಕಾಣುವುದಿಲ್ಲ. ಮೂರು ತಿಂಗಳ ನಂತರ ಅದೇ ಬೆಳಕಿನಲ್ಲಿ ತೆಗೆದ ಇನ್ನೊಂದು ಫೋಟೊದ ಪಕ್ಕದಲ್ಲಿಟ್ಟಾಗ ಅದು ಕಾಣುತ್ತದೆ.